ಕ್ಯಾಮೆರಾದ ನೆತ್ತಿಯ ಮೇಲಿನ ಅಕ್ಕಿಕಾಳು

ಕ್ಯಾಮೆರಾದ ನೆತ್ತಿಯ ಮೇಲೆ ಫ್ಲ್ಯಾಷ್ ಕೂರಿಸುವ ಸಂದಿಯಿರುತ್ತದಲ್ಲ, ಅಲ್ಲೊಂದು ಅಕ್ಷತೆಕಾಳು ಸಿಕ್ಕಿಕೊಂಡಿತ್ತು. ಯಾರ ಮದುವೆಯದೋ ಏನೋ, ಅರಿಶಿನದ ಬಣ್ಣ ಇನ್ನೂ ಮಾಸಿರಲಿಲ್ಲ. ಅದನ್ನು ಕಂಡದ್ದೇ ನನ್ನ ಹೊಟ್ಟೆಗೆ ಕಿಚ್ಚು ಬಿತ್ತು. ಒಂದು ಕಾಳು ಅಕ್ಕಿಯನ್ನು ಕಂಡು ಕರುಬುವ ಮನುಷ್ಯನನ್ನು ನೀವು ನೋಡಿರಲಿಕ್ಕಿಲ್ಲ. ಆದ್ದರಿಂದ ತುಸು ಹಿಂದಿನಿಂದಲೇ ಹೇಳುತ್ತೇನೆ.

ಆ ಕ್ಯಾಮೆರಾ ನನ್ನ ಗೆಳೆಯ, ಸಿರುಗುಪ್ಪದ ಪಂಪಾಪತಿಯದು. ಹನ್ನೆರಡು ವರ್ಷಗಳ ಹಿಂದೆ ಬಳ್ಳಾರಿಯ ಒಂದೇ ಅಂಗಡಿಯಲ್ಲಿ, ಒಂದೇ ದಿನ, ಒಂದೇ ಮಾದರಿಯ ಎರಡು ಕ್ಯಾಮೆರಾಗಳನ್ನು ನಾವಿಬ್ಬರೂ ಕೊಂಡಿದ್ದೆವು. ಬೆಳಕನ್ನು ಅಂದಾಜು ಮಾಡುವುದನ್ನು ಅವನಿಗೆ ಕಲಿಸಿದವನೇ ನಾನು. ಆಮೇಲೆ ನಾನು ಕಚೇರಿಯ ಕುರ್ಚಿಗೆ ಅಂಟಿಕೊಂಡೆ. ಅವನು ಮೋಕ, ಸಿರಿಗೇರಿ, ದೇಶನೂರು ಎಂದು ಊರೂರಿನ ಮದುವೆಗಳಿಗೆ ಕ್ಯಾಮೆರಾ ಹೆಗಲಿಗೇರಿಸಿ ಹೊರಟ. ಈಗ ಆ ಕಡೆ ಅವನಿಗೆ ಬಿಡುವಿದೆಯೇ ಎಂದು ಕೇಳಿಕೊಂಡೇ ಮುಹೂರ್ತ ಇಡುವವರಿದ್ದಾರೆ. ನನಗೆ ದಕ್ಕಿದ ಕೀರ್ತಿಯೆಂದರೆ, ಹಳೆಯ ಕ್ಯಾಮೆರಾ ಕೊಳ್ಳುವವರು ನನಗೆ ತಂದು ತೋರಿಸುತ್ತಾರೆ, ಅಷ್ಟೇ. ಉಳುಮೆ ಬಿಟ್ಟವನು ಸಂತೆಯಲ್ಲಿ ಎತ್ತಿನ ಹಲ್ಲು ನೋಡಿದ ಹಾಗೆ.

ಹಾಗೆ ಬಂದವಳು ಕುರುಗೋಡಿನ ಈರಮ್ಮ. ಮದುವೆಯ ಫೋಟೊ ತೆಗೆಯುವುದನ್ನೇ ಕಸುಬು ಮಾಡಿಕೊಳ್ಳಲು ಹೊರಟ ಹೆಣ್ಣುಮಗಳು. ಪಂಪಾಪತಿ ಹೊಸದನ್ನು ಕೊಂಡಿದ್ದ, ಹಳೆಯದನ್ನು ಇವಳಿಗೆ ಮಾರುವವನಿದ್ದ. ಮೊದಲು ನನಗೆ ತೋರಿಸಿಕೊಂಡು ಬರಲೆಂದು ನಂಬಿ ಅವಳ ಕೈಯಲ್ಲೇ ಕೊಟ್ಟು ಕಳಿಸಿದ್ದ.

“ನೀವು ಹೂಂ ಅಂದ್ರ ತಗಂತೀನ್ರಿ ಅಣ್ಣಾರ. ಇದೊಂದೇ ಸಲ ನನಗ ಕೊಳ್ಳಾಕ ಆಗೋದು” ಎಂದಳು.

ಹೆಬ್ಬೆರಳು ಊರುವಲ್ಲಿ ರಬ್ಬರು ಬೀಸುಕಲ್ಲಿನ ಗೂಟದಂತೆ ನುಣುಪಾಗಿತ್ತು. ಗುಂಡಿಗಳ ಮೇಲಿನ ಅಕ್ಷರಗಳು ಅಳಿಸಿಹೋಗಿದ್ದವು. ಒಂದೊಂದು ಫೋಟೊಗೂ ಒಮ್ಮೆ ತೆರೆದು ಮುಚ್ಚುವ ಷಟರಿನ ಲೆಕ್ಕ ಎರಡು ಲಕ್ಷ ದಾಟಿತ್ತು. ಆದರೂ ಅದರ ಸದ್ದಿನಲ್ಲಿ ಒಂದಿಷ್ಟೂ ತಡವರಿಕೆಯಿಲ್ಲ. ಲೆನ್ಸನ್ನು ಬಿಚ್ಚಿ, ಹಿಂದಿನಿಂದ ಮೊಬೈಲಿನ ಟಾರ್ಚು ಬಿಟ್ಟು ನೋಡುವ ಬಗೆಯನ್ನು ಈರಮ್ಮನಿಗೂ ತೋರಿಸಿದೆ. ಗಾಜು ತಿಳಿನೀರಿನಂತಿತ್ತು. ನೋಡಿ, ಸವೆತದಲ್ಲಿ ಎರಡು ಬಗೆ: ಬೀಳಿಸಿ ಬಡಿದು ಆದದ್ದು ಒಂದು, ದುಡಿದು ಆದದ್ದು ಇನ್ನೊಂದು. ಇದು ಎರಡನೆಯದು ಎಂದು ನನ್ನ ಬೆರಳುಗಳಿಗೆ ಗೊತ್ತಿತ್ತು. ಆ ಎರಡು ಲಕ್ಷ ಸಲವೂ ಯಾರೋ ಒಬ್ಬರು ಪಂಪಾಪತಿಯ ಮುಂದೆ ನಕ್ಕಿದ್ದರು, ನನ್ನ ಮುಂದೆ ಅಲ್ಲ.

“ಬ್ಯಾಡ ತಂಗಿ, ಇದರ ಆಯಸ್ಸು ಮುಗದೈತಿ” ಎಂದೆ. ಅಲ್ಲಿಗೇ ನಿಲ್ಲಿಸಿದ್ದರೂ ಆಗುತ್ತಿತ್ತು. “ನಂದೂ ಇಂಥದ್ದೇ ಐತಿ. ಹೊಸಾದಿದ್ದಂಗ ಐತಿ, ಅದನ್ನ ಬೇಕಾದ್ರ ಕೊಡ್ತೀನಿ.”

ಒಳಗಿನಿಂದ ಡಬ್ಬಿ ತಂದೆ. ಅಕ್ಕಿ ತೇವ ಹೀರುತ್ತದೆಂದು ಕೇಳಿ ನನ್ನ ಕ್ಯಾಮೆರಾವನ್ನು ವರ್ಷಗಟ್ಟಲೆ ಅಕ್ಕಿಯಲ್ಲೇ ಹೂತಿಟ್ಟಿದ್ದೆ. ಪ್ರತಿ ಸುಗ್ಗಿಗೂ ಹಳೆಯದನ್ನು ಚೆಲ್ಲಿ, ಪಂಪಾಪತಿ ತನ್ನ ಗದ್ದೆಯಿಂದ ಕಳಿಸಿದ ಹೊಸ ಅಕ್ಕಿ ತುಂಬುತ್ತಿದ್ದೆ. ಈರಮ್ಮ ಹೊಳೆಯುವ ಆ ಮೈಯನ್ನು ಮೆಚ್ಚಿ ಸವರಿದಳು. ಆಮೇಲೆ ನಾನು ತೋರಿಸಿಕೊಟ್ಟ ಹಾಗೆಯೇ ಲೆನ್ಸಿನ ಹಿಂದಿನಿಂದ ಟಾರ್ಚು ಬಿಟ್ಟಳು.

“ಅಣ್ಣಾರ, ಒಳಗೆಲ್ಲ ಬೂಷ್ಟು ಹಿಡದೈತಲ್ರಿ! ಹೊಸಾ ಅಕ್ಕ್ಯಾಗ ಇಟ್ಟಿದ್ರೇನು? ಅದರಾಗ ಹಸಿ ಇರ್ತೈತಿ.”

ಹೊಸ ಅಕ್ಕಿಯ ಅನ್ನ ಮುದ್ದೆಯಾಗುತ್ತದೆಂದು ನಮ್ಮ ಕಡೆ ಒಲೆ ಹಚ್ಚಿದವರಿಗೆಲ್ಲ ಗೊತ್ತು. ಬಳ್ಳಾರಿಯ ಈ ಉರಿಬಿಸಿಲಿನಲ್ಲಿ, ಬಯಲಲ್ಲಿ ಬಿದ್ದಿದ್ದರೂ ಒಣಗಿ ಚೆನ್ನಾಗಿರುತ್ತಿದ್ದ ಗಾಜಿಗೆ ನಾನೇ ಜತನದಿಂದ ಬೂಷ್ಟು ಹಿಡಿಸಿದ್ದೆ. ಅವಳ ಮುಖ ನೋಡಲು ನಾಚಿಕೆಯಾಯಿತು.

“ಪಂಪಾಪತೀದೇ ತಗೋ. ನಾ ಆಗ ಸುಳ್ಳು ಹೇಳಿದೆ.”

“ಯಾಕ್ರಿ?”

“ಹೊಟ್ಟಿಕಿಚ್ಚು, ತಂಗಿ.”

ಅವಳು ಬೈಯಲಿಲ್ಲ, ನಗಲೂ ಇಲ್ಲ. ಪಂಪಾಪತಿಯ ಕ್ಯಾಮೆರಾವನ್ನು ಕೊರಳಿಗೆ ಹಾಕಿಕೊಂಡಳು. ಸೂಜಿಯಿಂದ ಅಕ್ಷತೆಕಾಳನ್ನು ತೆಗೆದುಕೊಡಲು ಹೋದೆ. “ಇರ್ಲಿ ಬಿಡ್ರಿ” ಎಂದು ಕೈ ಅಡ್ಡ ಹಿಡಿದು ಹೊರಟುಹೋದಳು.

ಆಮೇಲೆ ನನ್ನ ಕ್ಯಾಮೆರಾ ಒರೆಸಲು ಕೂತೆ. ಅದರ ನೆತ್ತಿಯ ಸಂದಿಯಲ್ಲೂ ಒಂದು ಅಕ್ಕಿಕಾಳು ಸಿಕ್ಕಿಕೊಂಡಿತ್ತು. ಅದೇ ಸಿರುಗುಪ್ಪದ ಅಕ್ಕಿ. ಅರಿಶಿನ ಮಾತ್ರ ಹತ್ತಿರಲಿಲ್ಲ.