ಬೇರು ಕಟ್ಟಿಸಿಕೊಳ್ಳದ ನಾಯಿ

ಮದುವೆಯಾಗಿ ಹರದನಹಳ್ಳಿಯಿಂದ ತೆರಕಣಾಂಬಿಗೆ ಬಂದಾಗ ತವರಿನ ಕಂದುನಾಯಿಯೂ ಗಾಡಿಯ ಹಿಂದೆಯೇ ಓಡಿಬಂತು. ಎಷ್ಟು ಗದರಿದರೂ ಹಿಂದಿರುಗಲಿಲ್ಲ. ಐವತ್ತರ ದಶಕದ ಮಾತು. ಆ ಹೊಸ ಮನೆಯಲ್ಲಿ ನನ್ನದು ಅಂತ ಇದ್ದ ಜೀವ ಅದೊಂದೇ.

ಚಳಿಗಾಲದಲ್ಲಿ ಅತ್ತೆಯ ಮುದ್ದಿನ ಕರಿನಾಯಿ ಕೆಮ್ಮತೊಡಗಿತು. ಮೂಳೆ ಸಿಕ್ಕಿಕೊಂಡಿದೆಯೆಂದು ಬಾಯಿಗೆ ಕೈಹಾಕಿ ನೋಡಿದರೆ ಏನೂ ಇಲ್ಲ. ಮೂಗು ಸುರಿಯುತ್ತಿತ್ತು, ಕಣ್ಣಲ್ಲಿ ಗೀಜು. ಬೀದಿಯ ನಾಯಿಗಳೂ ಹೀಗೇ ಕೆಮ್ಮಿ ಕೆಮ್ಮಿ ಸಾಯುತ್ತಿದ್ದವು. ನನಗೋ ನನ್ನ ಕಂದುನಾಯಿಯದೇ ದಿಗಿಲು. ಗುಂಡ್ಲುಪೇಟೆ ಸಂತೆಗೆ ಹೋದ ಅತ್ತೆ ಅಲ್ಲಿಯ ದನದ ಡಾಕ್ಟರನ್ನು ಕೇಳಿಕೊಂಡು ಬಂದರು.

"ಕೆಮ್ಮೋ ನಾಯಿಗೆ ಬೇರ ಕಟ್ಟಿ ಅಂದ್ರು ಕಣಮ್ಮಿ. ಯಾವ ಬೇರು ಅಂತ ಕೇಳಾದ್ರೊಳ್ಗೆ ಎತ್ತೊಂದು ಒದ್ದುಬುಡ್ತು ಅವ್ರ್ಗೆ."

ಸೂಜಿ ಹಿಡಿಯುವ ಡಾಕ್ಟರು ಬೇರು ಕಟ್ಟು ಅನ್ನುತ್ತಾರೆಯೇ? ನನಗೆ ತಲೆಬುಡ ತಿಳಿಯಲಿಲ್ಲ. ಓದಿದವರು ಹೇಳಿದ ಮೇಲೆ ಇರಬಹುದೇನೋ ಅಂದುಕೊಂಡೆ. ಮಾವ ಎಕ್ಕದ ಬೇರು ಅಂದರು, ಅತ್ತೆ ತುಂಬೆ ಬೇರು ಅಂದರು. ಜಗಳ ಹರಿಯದೆ ಎರಡನ್ನೂ ಸೇರಿಸಿ ದಾರ ಸುತ್ತಿದರು. ಕೆಮ್ಮುವ ಕರಿನಾಯಿಯ ಜೊತೆಗೇ ಮನೆಯ ಉಳಿದ ನಾಲ್ಕೈದು ನಾಯಿಗಳನ್ನೂ ಕೊಟ್ಟಿಗೆಗೆ ಕೂಡಿ, ಒಂದೊಂದರ ಕೊರಳಿಗೂ ಕಟ್ಟಿ, ಕಿತ್ತುಕೊಂಡು ಓಡದಿರಲೆಂದು ಬಾಗಿಲು ಹಾಕಿದರು.

ನನ್ನದು ಮಾತ್ರ ಕೊರಳಿಗೆ ಕೈ ತಾಗಿಸಿಕೊಳ್ಳದ ಜಂಬದ್ದು. ನುಸುಳಿಕೊಂಡು ಹೊಲದ ಗುಡಿಸಲಿಗೆ ಓಡಿತು. ದಿನವೂ ಒಂದು ಕೈಲಿ ಮುದ್ದೆ, ಒಂದು ಕೈಲಿ ಬೇರು ಹಿಡಿದು ಹೋಗುತ್ತಿದ್ದೆ. ಮುದ್ದೆ ತಿನ್ನುತ್ತಿತ್ತು, ಬೇರು ಕಂಡರೆ ಪರಾರಿ. "ಹಾಳಾದ್ದೇ, ಸಾಯ್ಬೇಕು ಅಂತಾನೇ ನನ್ನಿಂದೆ ಬಂದ್ಯಾ?" ಎಂದು ಬದುವಿನ ಮೇಲೆ ಕೂತು ಅತ್ತಿದ್ದೇನೆ.

ಕೊಟ್ಟಿಗೆಯಲ್ಲಿ ಎಲ್ಲಕ್ಕೂ ಕೆಮ್ಮು ಹಿಡಿಯಿತು. ಕರಿನಾಯಿ ಸತ್ತಿತು. ಹೊಲದಲ್ಲಿದ್ದ ನನ್ನದು ಒಂದು ಸೀನೂ ಸೀನಲಿಲ್ಲ. ಕಟ್ಟಿದ್ದು ಸಾಯುವುದು, ಕಟ್ಟದ್ದು ಕುಣಿಯುವುದು, ಇದೆಂಥ ಮದ್ದು ಶಿವನೇ!

ಆಮೇಲೆ ದನಗಳಿಗೆ ಚುಚ್ಚುಮದ್ದು ಹಾಕಲು ಅದೇ ಡಾಕ್ಟರು ಊರಿಗೆ ಬಂದರು. ನಾಯಿಗಳ ಕೊರಳು ನೋಡಿ, "ಇದೇನು ತಾಯಿ?" ಅಂದರು.

ಅತ್ತೆಗೆ ರೇಗಿತು. "ನೀವೇ ಏಳಿದ್ದಲ್ವಾ ಬುದ್ಧಿ, ಬೇರ ಕಟ್ಟಿ ಅಂತ?"

"ಬೇರೆ ಕಟ್ಟಿ ಅಂದೆ ತಾಯಿ. ಕೆಮ್ಮೋದನ್ನ ಬೇರೆ, ಉಳಿದವನ್ನ ಬೇರೆ. ಇದು ಒಂದರಿಂದ ಒಂದಕ್ಕೆ ಅಂಟೋ ಕಾಯಿಲೆ."

"ಅಂಗಾರೆ ಬ್ಯಾರೆ ಅನ್ಬೇಕಾಗಿತ್ತು!" ಎಂದು ಕೂಗಿದ ಅತ್ತೆ ಅಲ್ಲೇ ಜಗಲಿಯ ಮೇಲೆ ಕುಸಿದರು. ಡಾಕ್ಟರು ಟೋಪಿ ತೆಗೆದು ಮತ್ತೆ ಹಾಕಿಕೊಂಡರು.

ನನ್ನ ನಾಯಿ ಉಳಿದ ಸಂತೋಷಕ್ಕೆ ನಗಬೇಕೋ, ಅತ್ತೆಯ ಮುಖ ನೋಡಿ ಅಳಬೇಕೋ ತಿಳಿಯದೆ ನಿಂತಿದ್ದೆ. ನನ್ನನ್ನು ಹುಡುಕಿಕೊಂಡೋ ಏನೋ, ಅಂದು ಸಂಜೆ ಅದು ತಾನಾಗಿಯೇ ಹಿತ್ತಿಲ ಬೇಲಿಯ ತನಕ ಬಂತು. ಕೊಟ್ಟಿಗೆಯಲ್ಲಿ ಇನ್ನೂ ಕೆಮ್ಮು ಕೇಳುತ್ತಿತ್ತು. ಅಷ್ಟು ದಿನದ ಮೇಲೆ ಮನೆಗೆ ಬಂದದ್ದು. ಕಾಯಿಲೆಯನ್ನೂ ಮರೆತು ಬಾ ಬಾ ಎಂದು ಕೈ ಚಾಚಿದೆ.

ಹಿಂದಿನಿಂದ ಅತ್ತೆ ನನ್ನ ರಟ್ಟೆ ಹಿಡಿದರು. ಇನ್ನೊಂದು ಕೈಯಲ್ಲಿ ಕರಿನಾಯಿಯ ತಟ್ಟೆಯಿತ್ತು, ತೊಳೆದದ್ದು, ಮುದ್ದೆ ಹಾಕಿದ್ದು.

"ಒಳೀಕೆ ಕರೀಬ್ಯಾಡ ಕಣಮ್ಮಿ," ಅಂದರು. ತಟ್ಟೆಯತ್ತ ಒಮ್ಮೆ ನೋಡಿ, "ತಡಿ, ಇದ್ರಲ್ಲೂ ಬ್ಯಾಡ," ಎಂದು ಆ ಮುದ್ದೆಯನ್ನು ಮುತ್ತುಗದೆಲೆಗೆ ಹಾಕಿ, ಬೇಲಿ ದಾಟಿ, ತಾವೇ ಹೊಲದ ಕಡೆ ನಡೆದರು. ನಾಯಿ ಅವರ ಹಿಂದೆ ಹೋಯಿತು.