ಒಂದೇ ಮೈಕಿನ ಎರಡು ದನಿ

ಮದುವೆಯ ಹಾಡುಗಳನ್ನು ಕ್ಯಾಸೆಟ್ ಮಾಡಿಸಬೇಕೆಂದು ಹೊರಟವರು ನಮ್ಮ ಅತ್ತೆಯವರು. ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಕಂಪ್ಲಿಗೆ ಕೊಟ್ಟಿದ್ದ ನಾದಿನಿಯ ಮಗಳಿಗೆ ಮದುವೆ ನಿಶ್ಚಯವಾಗಿತ್ತು. ಬಂದ ಹೆಂಗಸರಿಗೆಲ್ಲ ಎಲೆ ಅಡಿಕೆಯ ಜೊತೆ ಒಂದೊಂದು ಕ್ಯಾಸೆಟ್ ಕೊಡಬೇಕೆಂದು ಅವರು ಮನಸ್ಸು ಮಾಡಿದ್ದರು. ಹಸೆಗೆ ಕರೆಯುವ ಹಾಡು, ಆರತಿ ಹಾಡು, ಹೆಣ್ಣು ಒಪ್ಪಿಸುವ ಹಾಡು, ಇವೆಲ್ಲ ಅವರಿಗೆ ತಾಯಿಯಿಂದ ಬಂದವು. ಹೊಸಪೇಟೆ, ಹಂಪಿ, ಕಂಪ್ಲಿಯ ನಮ್ಮ ಬಳಗದಲ್ಲಿ ಮದುವೆ ಗೊತ್ತಾದರೆ ಅಡಿಗೆಯವರಿಗಿಂತ ಮುಂಚೆ ಅವರಿಗೆ ಹೇಳಿಕಳಿಸುತ್ತಿದ್ದರು.

ಮಾವನವರು ತೀರಿಕೊಂಡ ಮೇಲೂ ಹೇಳಿಕಳಿಸುವುದು ನಿಲ್ಲಲಿಲ್ಲ. ಆದರೆ ಅತ್ತೆಯವರು ಹಸೆಯ ಹತ್ತಿರ ಬರುವುದು ನಿಂತಿತು. ಬರಬೇಡಿ ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಬನ್ನಿ ಎಂದೂ ಕರೆಯಲಿಲ್ಲ. ಅವರು ಒಳಕೋಣೆಯಲ್ಲಿ ಬಾಗಿಲ ಹಿಂದೆ ಕೂತು ಹಾಡು ಎತ್ತುತ್ತಿದ್ದರು. ಆ ದನಿ ಚಪ್ಪರದ ಗದ್ದಲ ದಾಟಿ ಹೊರಗೆ ಮುಟ್ಟುತ್ತಿರಲಿಲ್ಲ. ಹಿರಿಯ ಸೊಸೆಯಾದ ನಾನು ಹೊಸ್ತಿಲ ಬಳಿ ನಿಂತು, ಅವರು ಹೇಳಿದ ಸಾಲನ್ನು ಹಿಡಿದು ಹೊರಕ್ಕೆ ದಾಟಿಸಬೇಕು. ಚಪ್ಪರದಲ್ಲಿ ಕೂತ ಹೆಂಗಸರು ನನ್ನಿಂದ ಎತ್ತಿಕೊಳ್ಳುತ್ತಿದ್ದರು. ಮದುವೆಗಳ ಫೋಟೋದಲ್ಲಿ ಅತ್ತೆಯವರು ಎಲ್ಲಿಯೂ ಇಲ್ಲ. ಹಸೆಯ ಮೇಲೆ ಕೂತ ಮದುಮಕ್ಕಳನ್ನು ಮುಟ್ಟುತ್ತಿದ್ದದ್ದು ಅವರ ಹಾಡೊಂದೇ.

ನಾನು ಸಂಗೀತ ಕಲಿತವಳಲ್ಲ. ನನಗೆ ಬರುವುದು ಹಿಂದೆ ಹೋಗುವುದು. ಹೊಸದಾಗಿ ಬಂದಾಗ ಅವರು ಹೇಳಿದ್ದು ಅಷ್ಟೇ, "ನೀ ನನ್ನ ಹಿಂದ ಬಾ, ಸಾಕು." ಅವರು ಏರಿಸಿದರೆ ಏರಿಸುವುದು, ಇಳಿಸಿದರೆ ಇಳಿಸುವುದು. ಹಿರಿಯರು ಎತ್ತಿದ ಶ್ರುತಿಯನ್ನು ಕಿರಿಯರು ತಿದ್ದುವ ಪದ್ಧತಿ ನಮ್ಮಲ್ಲಿಲ್ಲ. ವರ್ಷಗಟ್ಟಲೆ ಹಾಗೆ ನಿಂತು ನಿಂತು, ಅವರು ಉಸಿರು ಎಳೆದುಕೊಳ್ಳುವ ಸದ್ದಿಗೇ ಮುಂದಿನ ಸಾಲು ಎಲ್ಲಿ ಶುರುವಾಗುತ್ತದೆಂದು ನನಗೆ ತಿಳಿಯುತ್ತಿತ್ತು.

ಸ್ಟುಡಿಯೋ ಎಂದರೆ ಹೊಸಪೇಟೆಯ ಸ್ಟೇಷನ್ ರಸ್ತೆಯ ಒಂದು ಕ್ಯಾಸೆಟ್ ಅಂಗಡಿಯ ಮಹಡಿ. ಅಂಗಡಿಯವರು ಮೊದಲು ದೊಡ್ಡ ಟೇಪಿನಲ್ಲಿ ರೆಕಾರ್ಡ್ ಮಾಡುತ್ತಿದ್ದರು, ಆ ವರ್ಷ ಕಂಪ್ಯೂಟರ್ ತಂದಿದ್ದರು. ಕಿಟಕಿಗೆ ಹಳೆಯ ಗಾದಿ ಒತ್ತಿ ಮೊಳೆ ಹೊಡೆದಿದ್ದರು. ಗೋಡೆಯ ತುಂಬ ಮೊಟ್ಟೆ ಇಡುವ ಕಾಗದದ ತಟ್ಟೆಗಳನ್ನು ಅಂಟಿಸಿದ್ದರು. ಅತ್ತೆಯವರ ಜೊತೆ ಹಾಡಲು ನಾನು, ವಾರಗಿತ್ತಿ, ನಾದಿನಿ ಹೋಗಿದ್ದೆವು. ಅತ್ತೆಯವರು ಬಾಗಿಲಲ್ಲೇ ನಿಂತುಬಿಟ್ಟರು.

"ಸದ್ದು ಹೊಳ್ಳಿ ಬಡೀಬಾರ್ದಂತ ಹಚ್ಚೀನ್ರಿ ಅಮ್ಮಾರ. ಹೊಸಾವು. ಒಂದ ಮೊಟ್ಟಿನೂ ಕಂಡಿಲ್ಲ ಅವು," ಎಂದ ಅಂಗಡಿಯವ.

"ಅವು ಕಂಡಿರ್ಲಿಕ್ಕಿಲ್ಲಪ್ಪಾ, ನಾ ಕಂಡೆನಲ್ಲ," ಎಂದರು ಅತ್ತೆಯವರು.

ಆತ ಕೆಳಗಿನಿಂದ ಎರಡು ಚಾದರ ತಂದು ಅವರು ಕೂಡುವ ಕಡೆಯ ಗೋಡೆಯನ್ನು ಮುಚ್ಚಿದ. ಅಷ್ಟರಲ್ಲಿ ನಾವೆಲ್ಲ ನಕ್ಕು ಹಗುರಾಗಿದ್ದೆವು.

ಮೈಕು ಎರಡು ಇದ್ದವು. ಯಾರು ಎಲ್ಲಿ ಕೂಡಬೇಕೆಂದು ನೋಡಲು ಆತ ಒಬ್ಬೊಬ್ಬರಿಂದಲೂ ಒಂದು ಸಾಲು ಹೇಳಿಸಿದ. ನನ್ನ ವಾರಗಿತ್ತಿ ಶಾಲೆಯಲ್ಲಿ ಸಂಗೀತ ಕಲಿತವಳು, ಆಕೆಯದು ತಿಳಿಯಾದ ದನಿ. ಆಕೆಯನ್ನು ಅತ್ತೆಯವರ ಮೈಕಿಗೆ ಕೂಡಿಸಿ, ನನ್ನನ್ನೂ ನಾದಿನಿಯನ್ನೂ ಹಿಂದಿನ ಮೈಕಿಗೆ ಹಾಕುತ್ತೇನೆ ಎಂದ. ಯಾರೂ ಒಪ್ಪಲಿಲ್ಲ. ವಾರಗಿತ್ತಿಯೇ ಎದ್ದು ನಿಂತು, ಅಕ್ಕನನ್ನು ಹಿಂದೆ ಕಳಿಸಿ ತಾನು ಮುಂದೆ ಕೂಡುವುದು ಚೆನ್ನಾಗಿರುವುದಿಲ್ಲ ಎಂದಳು. ಹಿರಿಯ ಸೊಸೆಯ ಜಾಗ ಹಿರಿಯ ಸೊಸೆಗೆ. ನಾನೂ ಬೇಡವೆನ್ನಲಿಲ್ಲ, ಹೇಳಬೇಕೆಂದು ಹೊಳೆಯಲೂ ಇಲ್ಲ. ಮುಂದಿನ ಮೈಕಿಗೆ ಅತ್ತೆಯವರು ಮತ್ತು ನಾನು, ಹಿಂದಿನದಕ್ಕೆ ಅವರಿಬ್ಬರು.

ಅತ್ತೆಯವರು ಆ ದಿನ ಎಷ್ಟೋ ವರ್ಷದ ಮೇಲೆ ಎಲ್ಲರಿಗಿಂತ ಮುಂದೆ ಕೂತರು. ಅಲ್ಲಿ ಹಸೆ ಇರಲಿಲ್ಲ, ತಡೆಯುವವರು ಇರಲಿಲ್ಲ. ಫ್ಯಾನಿನ ಸದ್ದು ಬರುತ್ತದೆಂದು ಅದನ್ನು ನಿಲ್ಲಿಸಿದ್ದರು. ಸಂಡೂರಿನ ಅದಿರು ಲಾರಿಗಳು ರಸ್ತೆಯಲ್ಲಿ ಹೋಗುವಾಗಲೆಲ್ಲ ಹಾಡು ನಿಲ್ಲಿಸಿ, ನೆಲ ನಡುಗುವುದು ನಿಂತ ಮೇಲೆ ಮತ್ತೆ ಎತ್ತಬೇಕಾಗುತ್ತಿತ್ತು. ಬೆವರಿನಲ್ಲಿ ಅವರ ಕುಂಕುಮವಿಲ್ಲದ ಹಣೆ ಹೊಳೆಯುತ್ತಿತ್ತು. ದಣಿದಿದ್ದರು. ಸಾಕು ಎನ್ನಲಿಲ್ಲ.

ಕೆಲವು ದಿನ ಬಿಟ್ಟು, ಹಾಡುಗಳ ಸರದಿ ಸರಿಯಿದೆಯೇ ನೋಡಿ ಬಾ ಎಂದು ಅತ್ತೆಯವರು ನನ್ನೊಬ್ಬಳನ್ನೇ ಕಳಿಸಿದರು. ಅಂಗಡಿಯವ ಚಪ್ಪಲಿ ಹೊರಗೆ ಬಿಡಿಸಿ ಕಂಪ್ಯೂಟರಿನ ಮುಂದೆ ಕುರ್ಚಿ ಹಾಕಿಕೊಟ್ಟ. ಪರದೆಯ ಮೇಲೆ ಎರಡು ಪಟ್ಟಿ, ಒಂದು ಮೈಕಿಗೆ ಒಂದು. ನಮ್ಮ ದನಿಗಳು ಜಾಲಿಯ ಬೇಲಿಯ ಹಾಗೆ ಮುಳ್ಳು ಮುಳ್ಳಾಗಿ ಅವುಗಳ ತುಂಬ ಹಬ್ಬಿದ್ದವು. ಪ್ರತಿ ಪಟ್ಟಿಯ ಮೇಲೂ ಉದ್ದಕ್ಕೆ ಒಂದು ತೆಳುವಾದ ಗೆರೆ. ಆ ಗೆರೆ ಮೇಲಿದ್ದಷ್ಟು ಸೌಂಡ್ ಜಾಸ್ತಿ, ಕೆಳಗೆ ಬಂದಷ್ಟು ಕಡಿಮೆ ಎಂದು ಆತ ಹೇಳಿದ. ಇಡೀ ಹಾಡಿನ ಸೌಂಡ್ ಇಳಿಸಿದರೆ ಎಲ್ಲವೂ ಸಪ್ಪಗಾಗುತ್ತದೆ. ಬೇಕಾದ ಕಡೆ ಮಾತ್ರ ಇಳಿಸಬೇಕು, ಅದೂ ಒಮ್ಮೆಲೇ ಅಲ್ಲ. ಗೆರೆಯ ಮೇಲೆ ಒಂದು ಚುಕ್ಕೆ ಇಟ್ಟು, ಮುಂದೆ ಇನ್ನೊಂದು ಚುಕ್ಕೆ ಇಟ್ಟು ಕೆಳಗೆ ಎಳೆದರೆ ಗೆರೆ ಓರೆಯಾಗಿ ಇಳಿಯುತ್ತದೆ. ಆಮೇಲೆ ಹಾಗೆಯೇ ಓರೆಯಾಗಿ ಏರಿಸಬೇಕು. ನನ್ನ ಯಜಮಾನರು ಕಾಲುವೆ ಆಫೀಸಿನಲ್ಲಿದ್ದರು. ತೂಬಿನ ಬಾಗಿಲನ್ನು ಸ್ವಲ್ಪ ಸ್ವಲ್ಪವೇ ಇಳಿಸುವುದನ್ನು ನಾನು ನೋಡಿದ್ದೆ. ಇದೂ ಹಾಗೆಯೇ ಎಂದುಕೊಂಡೆ.

ಹಸೆಗೆ ಕರೆಯುವ ಹಾಡಿನಲ್ಲಿ ಮೂರನೆಯ ನುಡಿ ಮೇಲಕ್ಕೆ ಹತ್ತುತ್ತದೆ. ಅಲ್ಲಿ ಮುಂದಿನ ಮೈಕಿನ ಗೆರೆ ತಳಕ್ಕೆ ಇಳಿದಿತ್ತು. ನುಡಿ ಮುಗಿದ ಮೇಲೆ ಮತ್ತೆ ಏರಿತ್ತು. ಹಿಂದಿನ ಮೈಕಿನ ಗೆರೆ ಅದೇ ಜಾಗದಲ್ಲಿ ಎತ್ತರಕ್ಕೆ ಹೋಗಿತ್ತು. ಅಂದರೆ ಆ ನುಡಿಯಷ್ಟನ್ನು ವಾರಗಿತ್ತಿಯೂ ನಾದಿನಿಯೂ ಹಾಡುತ್ತಿದ್ದರು, ಅತ್ತೆಯವರೂ ನಾನೂ ಇರಲಿಲ್ಲ.

ಯಾಕೆ ಎಂದು ಕೇಳಿದೆ. ಆತ ಸ್ವಲ್ಪ ಹೊತ್ತು ಮೌಸನ್ನು ಸುಮ್ಮನೆ ಆಚೀಚೆ ಆಡಿಸಿದ.

"ನಿಮ್ಮ ಮೈಕು ಅಲ್ಲಿ ಶ್ರುತಿ ಬಿಡ್ತೈತ್ರಿ ಅಕ್ಕಾರ."

"ಯಾರು ಬಿಡ್ತಾರ?"

"ಒಂದ ಮೈಕಿನಾಗ ಬಂದದ್ದು ಬ್ಯಾರೆ ಮಾಡಾಕ ಬರಂಗಿಲ್ರಿ. ಅದಕ್ಕ ಅವತ್ತ ಹೇಳಿದ್ನಿ, ಹಿಂಗ ಕುಂದರಬ್ಯಾಡ್ರಿ ಅಂತ."

ಗೆರೆಯನ್ನು ಮೇಲೆ ಎಳೆದು ಕೇಳಿಸು ಎಂದೆ. ಕೇಳಿಸಿದ. ಹಾಡುವಾಗ ಅಂಗಡಿಯವ ಹಚ್ಚಿಟ್ಟಿದ್ದ ಶ್ರುತಿಪೆಟ್ಟಿಗೆಯ ಸ್ವರ ಒಂದು ಕಡೆ ನಿಂತಿದೆ, ಎರಡು ದನಿಗಳು ಅದರಿಂದ ಕೆಳಗೆ ಜಾರಿವೆ. ಜಾರುವುದರಲ್ಲಿ ಒಂದಕ್ಕೊಂದು ಸ್ವಲ್ಪವೂ ಅಂತರವಿಲ್ಲ. ಅತ್ತೆಯವರ ದನಿ ವಯಸ್ಸಿಗೆ ಜಾರಿ ನಾನು ಅವರ ಹಿಂದೆ ಹೋದೆನೋ, ಅಥವಾ ನಾನೇ ಜಾರಿ ಕಿವಿಯ ಪಕ್ಕದಲ್ಲಿದ್ದ ನನ್ನ ದನಿ ಅವರನ್ನು ಎಳೆಯಿತೋ, ಹೇಳಲಾಗಲಿಲ್ಲ. ಇನ್ನೊಮ್ಮೆ ಹಾಕಿಸಿದೆ. ಆಗಲೂ ಆಗಲಿಲ್ಲ. ಇಷ್ಟು ವರ್ಷ ಹೊಸ್ತಿಲಲ್ಲಿ ನಿಂತು ಚಪ್ಪರಕ್ಕೆ ಕೊಟ್ಟದ್ದು ಇದೇ ಇರಬೇಕು, ಜನ ಕೇಳಿ ಸುಮ್ಮನಿದ್ದಿರಬೇಕು ಅನ್ನಿಸಿತು. ಗೆರೆಯನ್ನು ಮೊದಲಿನ ಹಾಗೆ ಇಳಿಸಿಡಲು ಹೇಳಿ ಎದ್ದು ಬಂದೆ. ಮನೆಯಲ್ಲಿ, ಹಾಡುಗಳ ಸರದಿ ಸರಿಯಿದೆ ಎಂದಷ್ಟೇ ಹೇಳಿದೆ.

ಕ್ಯಾಸೆಟ್ಟುಗಳಿಗೆ ತುಂಬುವ ಮುಂಚೆ ಎಲ್ಲರೂ ಬಂದು ಒಮ್ಮೆ ಕೇಳಿ ಎಂದು ಅಂಗಡಿಯವ ಕರೆದ. ನಾದಿನಿಯೂ ಕಂಪ್ಲಿಯಿಂದ ಬಂದಳು. ಅತ್ತೆಯವರು ಕಣ್ಣು ಮುಚ್ಚಿ, ಮೊಣಕಾಲ ಮೇಲೆ ಬೆರಳಿನಿಂದ ತಾಳ ಹಾಕುತ್ತ ಕೇಳಿದರು. ಹಸೆಯ ಹಾಡಿನ ಮೂರನೆಯ ನುಡಿಗೆ ಬಂದಾಗ ಬೆರಳು ನಿಂತಿತು. ನುಡಿ ಮುಗಿಯುವ ತನಕ ಕಾದರು. ಆಮೇಲೆ ಕಣ್ಣು ತೆರೆದರು.

"ಇಲ್ಲಿ ನಾ ಎಲ್ಲಿ ಹೋದೆ?"

ಅಂಗಡಿಯವ ಪರದೆ ನೋಡಿದ. ವಾರಗಿತ್ತಿ ನೆಲ ನೋಡಿದಳು. ನಾದಿನಿಗೆ ಸುಮ್ಮನಿರುವುದು ಗೊತ್ತಿಲ್ಲ, "ಅವ್ವಾ, ನಿನಗೂ ವಯಸ್ಸು..." ಎಂದು ಶುರುಮಾಡಿದಳು. ಅತ್ತೆಯವರ ಮುಖದ ಬಣ್ಣ ಇಳಿಯುವುದನ್ನು ನಾನು ಕಂಡೆ. ಆ ಮಾತು ಪೂರ್ತಿಯಾದರೆ ಕಂಪ್ಲಿಯ ಮದುವೆಯಲ್ಲಿ ಅವರು ಬಾಗಿಲ ಹಿಂದೆ ಕೂತರೂ ಬಾಯಿ ತೆರೆಯುವುದಿಲ್ಲ ಎಂದು ನನಗೆ ಗೊತ್ತಿತ್ತು.

"ನಂದು ಅಪಸ್ವರ ಆಗ್ಯದ ಅತ್ತೀ," ಎಂದೆ. "ನಂದು ಇಳಿಸ್ಯಾರ. ಮೈಕ್ ಒಂದ ಅಲ್ಲೇನು, ಅದರ ಜೋಡಿ ನಿಮ್ಮದೂ ಹೋತು."

ಅತ್ತೆಯವರು ನನ್ನ ಕಡೆ ತಿರುಗಿದರು.

"ಇಷ್ಟು ವರ್ಷ ನನ್ನ ಹಿಂದ ನಿಂತಿ. ಏನ ಕಲಿತಿ?"

ಅಷ್ಟು ಜನರ ಮುಂದೆ ಅವರು ಹಿಂದೆಂದೂ ನನ್ನನ್ನು ಹಾಗೆ ಅಂದಿರಲಿಲ್ಲ. ನಾದಿನಿ ಅಲ್ಲಿಗೆ ಮಾತು ನುಂಗಿದಳು. ನಾನು ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಂಡು ಕೂತೆ. ಹೇಳಿದ್ದು ಸುಳ್ಳಾಗಿದ್ದರೆ ಅಷ್ಟು ನಾಚಿಕೆಯಾಗುತ್ತಿರಲಿಲ್ಲವೇನೋ. ಸುಳ್ಳೋ ನಿಜವೋ ನನಗೇ ಗೊತ್ತಿರಲಿಲ್ಲ.

ಅತ್ತೆಯವರು ಅಂಗಡಿಯವನನ್ನು, ಇಳಿಸಿದ್ದನ್ನು ಮತ್ತೆ ಏರಿಸಲು ಬರುತ್ತದೆಯೇ ಎಂದು ಕೇಳಿದರು. ಬರುತ್ತದೆ, ಒಳಗಿನ ಹಾಡು ಹಾಗೆಯೇ ಇದೆ, ಚುಕ್ಕೆ ತೆಗೆದರೆ ಮುಗಿಯಿತು ಎಂದ ಆತ. ಆದರೆ ಅಕ್ಕನವರದು ಕೇಳುತ್ತದೆ ಎಂದು ನನ್ನ ಕಡೆ ನೋಡಿದ.

"ಕೇಳ್ಲಿ. ಆಕಿದು ಮುಚ್ಚಲಿಕ್ಕೆ ನನ್ನ ಯಾಕ ಮುಚ್ತೀಯಪ್ಪಾ?"

ಆತ ಚುಕ್ಕೆಗಳನ್ನು ಒಂದೊಂದಾಗಿ ತೆಗೆದ. ಗೆರೆ ಈ ತುದಿಯಿಂದ ಆ ತುದಿಗೆ ನೆಟ್ಟಗಾಯಿತು.

ಮದುವೆಗೆ ಮುಂಚೆಯೇ ನನ್ನ ಅಪಸ್ವರದ ಮಾತು ಕಂಪ್ಲಿಯಲ್ಲಿ ಮನೆ ಮನೆ ತಿರುಗಿತ್ತು. ದೇವರ ಸಮಾರಾಧನೆಯ ದಿನ ಹೂ ಕಟ್ಟುತ್ತ ಕೂತ ಹೆಂಗಸರಲ್ಲಿ ಒಬ್ಬರು, ಮೈಕಿಗೂ ಅಂಜಿಕೆ ಆಗುವ ಹಾಗೆ ಹಾಡಿದವರು ಇವರೇ ಏನು ಎಂದು ನಗುತ್ತ ಕೇಳಿದರು. ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ. ನಾನೂ ನಕ್ಕೆ. ನಗುವಾಗ ಕೈಯಲ್ಲಿದ್ದ ದಾರ ಗಂಟಾಯಿತು, ಬಿಡಿಸುವ ನೆಪದಲ್ಲಿ ಮುಖ ಕೆಳಗೆ ಮಾಡಿದೆ. ವಾರಗಿತ್ತಿ ನನ್ನ ಪಕ್ಕಕ್ಕೆ ಸರಿದು ಕೂತಳು. ನನ್ನ ದಾರದ ಗಂಟಿಗೆ ತಾನೂ ಕೈ ಹಾಕಿದಳು. ಆಕೆಯ ಕನಿಕರವೇ ನನಗೆ ಕಷ್ಟವಾಯಿತು.

ಮದುವೆಯ ದಿನ ಅತ್ತೆಯವರು ಹಾಡುವುದಿಲ್ಲ ಎಂದರು. ಕ್ಯಾಸೆಟ್ ಮಾಡಿಸಿದ್ದು ಯಾಕೆ ಮತ್ತೆ, ಅದನ್ನೇ ಹಾಕಿರಿ ಎಂದರು. ಟೇಪ್ ರೆಕಾರ್ಡರನ್ನು ಒಳಕೋಣೆಯಲ್ಲಿ ಇಡಬೇಕಾಯಿತು, ಪ್ಲಗ್ ಇದ್ದದ್ದು ಅಲ್ಲಿ. ಅದರ ಪಕ್ಕದಲ್ಲಿ, ಬಾಗಿಲ ಹಿಂದೆ, ಅವರು ಎಂದಿನ ಹಾಗೆ ಮಣೆಯ ಮೇಲೆ ಕೂತರು. ನಾನು ಎಲ್ಲಿ ನಿಲ್ಲಬೇಕೆಂದು ತಿಳಿಯದೆ, ಅಭ್ಯಾಸದಿಂದ ಹೊಸ್ತಿಲಿಗೆ ಹೋಗಿ ನಿಂತೆ. ಅಲ್ಲಿಂದ ಚಪ್ಪರವೂ ಕಾಣುತ್ತಿತ್ತು, ಅವರೂ ಕಾಣುತ್ತಿದ್ದರು.

ಹಸೆಗೆ ಕರೆಯುವ ಹಾಡು ಶುರುವಾಯಿತು. ಟೇಪು ಜೋರಾಗಿತ್ತು. ಚಪ್ಪರದ ಕೊನೆಯ ತನಕ ಕೇಳುತ್ತಿತ್ತು, ಹೆಂಗಸರು ಅದರಿಂದಲೇ ಎತ್ತಿಕೊಳ್ಳುತ್ತಿದ್ದರು. ನನ್ನ ಕೆಲಸವಿರಲಿಲ್ಲ. ಹೂ ಕಟ್ಟುವಾಗ ಕೇಳಿದ್ದ ಆ ಹೆಂಗಸು ನನ್ನ ಕಡೆ ನೋಡಿ ಪಕ್ಕದವರ ಮೊಣಕೈ ಮುಟ್ಟಿದರು. ಮೂರನೆಯ ನುಡಿಗೆ ಕಾಯುತ್ತಿದ್ದಾರೆ ಎಂದು ತಿಳಿಯಿತು. ನಾನು ಕಂಬದ ಕಡೆ ಮುಖ ತಿರುಗಿಸಿದೆ.

ಎರಡನೆಯ ನುಡಿ ಮುಗಿಯುತ್ತಿದ್ದ ಹಾಗೆ ಟೇಪಿನ ದನಿ ಇಳಿಯತೊಡಗಿತು. ಕರೆಂಟ್ ಹೋಯಿತೇ ಎಂದು ಒಳಗೆ ನೋಡಿದೆ. ಅತ್ತೆಯವರ ಬೆರಳು ವಾಲ್ಯೂಮಿನ ಗುಂಡಿಯ ಮೇಲಿತ್ತು. ಒಮ್ಮೆಲೇ ಅಲ್ಲ, ಅಂಗಡಿಯವ ಗೆರೆ ಇಳಿಸಿದ್ದ ಹಾಗೆ, ನಿಧಾನವಾಗಿ ತಿರುಗಿಸುತ್ತಿದ್ದರು. ಮೂರನೆಯ ನುಡಿ ಶುರುವಾಗುವ ಹೊತ್ತಿಗೆ ಹೊರಗೆ ಏನೂ ಕೇಳುತ್ತಿರಲಿಲ್ಲ. ಒಳಗೆ, ಅವರಿಗೂ ನನಗೂ ಮಾತ್ರ, ಆ ಎರಡು ದನಿ ಸಣ್ಣಗೆ ಕೇಳುತ್ತಿದ್ದವು.

ಚಪ್ಪರ ಸಾಲಿಗಾಗಿ ಕಾದು ನಿಂತಿತು. ಮದುಮಕ್ಕಳು ಹಸೆಯ ಮುಂದೆ ನಿಂತಿದ್ದರು. ಅತ್ತೆಯವರು ತಲೆ ಎತ್ತಲಿಲ್ಲ, ನನ್ನ ಕಡೆ ನೋಡಲಿಲ್ಲ. ಅವರು ಉಸಿರು ಎಳೆದುಕೊಳ್ಳುವುದು ಮಾತ್ರ ನನಗೆ ಕೇಳಿಸಿತು. ಸಾಲು ಎತ್ತುವ ಮುಂಚೆ ಎಳೆದುಕೊಳ್ಳುತ್ತಿದ್ದ ಹಾಗೆಯೇ. ಬಾಯಿ ತೆರೆಯಲಿಲ್ಲ.

ನಾನು ಎತ್ತಿದೆ. ಮೇಲೆ ಹತ್ತುವ ಜಾಗದಲ್ಲಿ ನನ್ನ ಗಂಟಲು ಕಲಿತ ಹಾಗೆಯೇ ಕೆಳಗೆ ಹೋಯಿತು, ಟೇಪಿನೊಳಗಿನ ಎರಡು ದನಿ ಹೋದ ಕಡೆಗೇ ಹೋಯಿತು. ಚಪ್ಪರದಲ್ಲಿ ಯಾರೋ ಕಿಸಕ್ಕೆಂದರು. ಉಳಿದವರು ಸಾಲನ್ನು ಎತ್ತಿಕೊಂಡರು, ಮಕ್ಕಳನ್ನು ಹಸೆಗೆ ಕರೆದರು.

ನುಡಿ ಮುಗಿಯಿತು. ಅತ್ತೆಯವರ ಬೆರಳು ಗುಂಡಿಯನ್ನು ಮತ್ತೆ ನಿಧಾನವಾಗಿ ಏರಿಸಿತು, ನಾಲ್ಕನೆಯ ನುಡಿ ಟೇಪಿನಿಂದ ಹೊರಗೆ ಬಂತು. ಸೊಸೆಯ ಅಪಸ್ವರ ಚಪ್ಪರದಲ್ಲಿ ಕೂತ ಬಳಗದವರ ಕಿವಿಗೆ ಬೀಳದಿರಲಿ ಎಂದು ಇಳಿಸಿದರೋ, ತಮ್ಮದು ಬೀಳದಿರಲಿ ಎಂದು ಇಳಿಸಿದರೋ, ನನಗೆ ಇಂದಿಗೂ ಗೊತ್ತಿಲ್ಲ. ಎರಡು ದನಿಗೂ ಟೇಪಿಗೆ ಇದ್ದದ್ದು ಒಂದೇ ಗುಂಡಿ.