ಹಾಡಿನ ನಡುವೆ ಕರು ಹಾಕಿದ ದನ

ಬಹ್ರೇನಿನ ಮುಹರ್ರಕ್‌ನ ಮಹಾಬಲ ಮೂವತ್ತೊಂಬತ್ತು ವರ್ಷ ಎಸಿ ರಿಪೇರಿ ಮಾಡಿದ ಮನುಷ್ಯ. ಅವನು ಏಣಿ ಹತ್ತಿ ಒಮ್ಮೆ ಕೆಮ್ಮಿದರೆ ಸಾಕು, ಕೆಟ್ಟ ಎಸಿ ಹೆದರಿ ತಾನಾಗಿಯೇ ತಣ್ಣಗೆ ಗಾಳಿ ಬಿಡುತ್ತಿತ್ತು ಎನ್ನುವವರಿದ್ದಾರೆ. ಆದರೆ ಅವನ ನಿಜವಾದ ಆಸ್ತಿ ಹನ್ನೊಂದು ಬಿಸ್ಕತ್ತಿನ ಡಬ್ಬಿಗಳಲ್ಲಿ ತುಂಬಿದ ಕ್ಯಾಸೆಟ್ಟುಗಳು. ಎಲ್ಲವೂ ಒಬ್ಬನವೇ: ಗಿಟಾರು ಹಿಡಿದು, ಕೊರಳಿಗೆ ಸಿಕ್ಕಿಸಿಕೊಂಡ ಮೌತ್ ಆರ್ಗನ್ ಊದುತ್ತ, ತಾನೇ ಬರೆದದ್ದನ್ನು ತಾನೇ ಹಾಡುವ ಒಬ್ಬ ಅಮೆರಿಕದವನು. ಅವನ ನಂತರ ಗಿಟಾರು ಹಿಡಿದ ಅರ್ಧ ಜಗತ್ತು ಅವನ ದಾರಿಯಲ್ಲೇ ನಡೆಯಿತಂತೆ. ಮಹಾಬಲನಿಗೆ ಅದೆಲ್ಲ ಗೊತ್ತಿರಲಿಲ್ಲ. ಬ್ರಹ್ಮಾವರದಿಂದ ಬಂದ ಹೊಸದರಲ್ಲಿ ಪೇಟೆಯ ಅಂಗಡಿಯೊಂದರಲ್ಲಿ ಆ ಸ್ವರ ಕೇಳಿದ. ಮೂಗಿನೊಳಗೆ ನೆಲಗಡಲೆ ಸಿಕ್ಕಿಕೊಂಡರೂ ಹಾಡು ಬಿಡದ ಈ ಛಲಗಾರ ಯಾರಪ್ಪಾ ಎಂದು ಒಂದು ಕ್ಯಾಸೆಟ್ ಕೊಂಡ. ಅಲ್ಲಿಗೆ ಕೆಟ್ಟ.

ಇಂಗ್ಲಿಷ್ ಅರ್ಥವಾಗದಿದ್ದರೂ ಹಾಡು ಬಾಯಿಪಾಠವಾಯಿತು. ಎಸಿಯ ತಗಡಿನ ಗಾಳಿಕೊಳವೆಯೊಳಗೆ ತೂರಿ ಕೆಲಸ ಮಾಡುವಾಗಲೆಲ್ಲ ಹಾಡುತ್ತಿದ್ದ. ನೆಲಮಹಡಿಯಲ್ಲಿ ಶುರುವಾದ ಹಾಡು ಏಳನೆಯ ಮಹಡಿಯ ಆಫೀಸಿನಲ್ಲಿ ಹೊರಬಂದು, ಅಲ್ಲಿನ ಮ್ಯಾನೇಜರು ರೇಡಿಯೋ ಆರಿಸಲೆಂದು ಅರ್ಧ ದಿನ ಸ್ವಿಚ್ಚು ಹುಡುಕಿದ್ದುಂಟು.

ಕಳೆದ ತಿಂಗಳು ಕುತ್ತು ಬಂದದ್ದು ಮನೆಯೊಳಗಿಂದಲೇ. ಮಗಳು ಅಶ್ಮಿತಾಗೆ ಈಸಾ ಟೌನಿನ ಶಾಲೆಯಲ್ಲಿ ಟೀಚರ್ ಕೆಲಸ ಸಿಕ್ಕಿ, ಮೂವರೂ ಅಲ್ಲಿನ ಚಿಕ್ಕ ಫ್ಲ್ಯಾಟಿಗೆ ಹೋಗುವುದೆಂದಾಯಿತು. ಹೆಂಡತಿ ವಿನೋದಾ ಡಬ್ಬಿಗಳ ಮುಂದೆ ಸೊಂಟಕ್ಕೆ ಕೈಯಿಟ್ಟು ನಿಂತಳು.

"ಹ್ವಾಯ್, ಇವು ಅಲ್ಲಿಗೆ ಬರುವುದು ಬೇಡ. ಇಡ್ಲಿಕ್ಕೆ ಜಾಗ ಎಲ್ಲುಂಟು?"

"ನನ್ನ ತಲೆ ಮೇಲೆ ಇಟ್ಕೊಳ್ತೇನೆ."

"ಅಲ್ಲಿ ಜಾಗ ಧಾರಾಳ ಉಂಟು. ಕೂದಲಿಲ್ಲದ್ದಕ್ಕೆ ಜಾರಿ ಬೀಳ್ತದೆ, ಅಷ್ಟೆ."

"ಅಪ್ಪ, ಅದೆಲ್ಲ ಫೋನಲ್ಲೇ ಸಿಗ್ತದೆ," ಎಂದಳು ಅಶ್ಮಿತಾ.

"ಫೋನಿನದ್ದರಲ್ಲಿ ಎಂತದೋ ಒಂದು ಕಮ್ಮಿ ಉಂಟು ಮಗಾ," ಎಂದ ಮಹಾಬಲ. ಏನು ಕಮ್ಮಿ ಎಂದು ಅವನಿಗೂ ಹೇಳಲಾಗಲಿಲ್ಲ.

ಸಂಧಾನ ಮಾಡಿದವಳು ಅಶ್ಮಿತಾಳೇ. ಅದ್ಲಿಯಾದಲ್ಲಿ ಜೋಸ್ವಿನ್ ಎಂಬ ಮಂಗಳೂರಿನ ಹುಡುಗನದೊಂದು ಕಾಫಿ ಅಂಗಡಿ. ಬರುವ ಶುಕ್ರವಾರ ಸಂಜೆ ನಾಲ್ಕಕ್ಕೆ ಅಲ್ಲಿ ಆ ಅಮೆರಿಕದವನ ಹಾಡುಗಳೇ. ಯಾರು ಬೇಕಾದರೂ ಹಾಡಬಹುದು, ಆದರೆ ಕಾಗದ, ಫೋನು ನೋಡುವಂತಿಲ್ಲ. ವಿನೋದಾ ಕರಾರು ಹಾಕಿದಳು. "ಒಂದು ಹಾಡು ಕೊನೇವರೆಗೆ ಹೇಳಿ. ಜನ ಚಪ್ಪಾಳೆ ತಟ್ಟಿದ್ರೆ ಡಬ್ಬಿ ಬರ್ಲಿ. ನಡುವಲ್ಲಿ ನಿಂತ್ರೆ ಕಸದ ಡ್ರಮ್ಮಿಗೆ."

ಶುಕ್ರವಾರ ಅಂಗಡಿ ತುಂಬಿತ್ತು. ಜೋಸ್ವಿನ್ ಗಿಟಾರು ಹಿಡಿದು, "ಅಂಕಲ್, ಯಾವ ಸ್ಕೇಲು?" ಎಂದ.

"ನೀನು ಬಾರಿಸು, ನಾನು ಹಿಡ್ಕೊಳ್ತೇನೆ."

ಹಿಡಿದ ಅಂದರೆ ಹಿಡಿದ. ಮೊದಲ ಚರಣಕ್ಕೆ ಲೋಟಗಳು ನಡುಗಿದವು, ಎರಡನೆಯದಕ್ಕೆ ಕಾಫಿ ಯಂತ್ರ ತಾನಾಗಿಯೇ ಹಬೆ ಬಿಟ್ಟಿತು. ಮಹಾಬಲ ಕಣ್ಣು ಮುಚ್ಚಿದ್ದ. ಮೂರನೆಯ ಚರಣ ಬರಬೇಕಾದಲ್ಲಿ ಅವನ ಬಾಯಿಂದ ಅದೇ ಧಾಟಿಯಲ್ಲಿ ಹೊರಟದ್ದು ಇದು:

"ಹ್ವಾಯ್, ಕೇಳ್ತದಾ? ದನ ಕರು ಹಾಕಿತು, ಹೆಣ್ಣು. ಅತ್ತೆಯ ಕಾಲುನೋವು ಹಾಗೇ ಉಂಟು. ನೀವು ಹೊತ್ತಿಗೆ ಸರಿ ಉಣ್ತೀರಾ?"

ಜೋಸ್ವಿನ್‌ನ ಕೈ ತಂತಿಯ ಮೇಲೆ ಕಲ್ಲಾಯಿತು. ಮಹಾಬಲನ ಕಣ್ಣು ತೆರೆಯಿತು. ಫೋನಿನ ಹಾಡಿನಲ್ಲಿ ಕಮ್ಮಿಯಿದ್ದದ್ದು ಏನೆಂದು ಆ ಕ್ಷಣಕ್ಕೆ ಹೊಳೆಯಿತು.

ಮಹಾಬಲ ಇಲ್ಲಿಗೆ ಬಂದ ಕಾಲದಲ್ಲಿ ಊರಿಗೆ ಪತ್ರ ಬರೆಯುವ ಬದಲು ಕ್ಯಾಸೆಟ್ಟಿನಲ್ಲಿ ಮಾತಾಡಿ, ರಜೆಗೆ ಹೋಗುವವರ ಕೈಯಲ್ಲಿ ಕಳಿಸುವುದು ಇಲ್ಲಿನವರ ಪದ್ಧತಿ. ಖಾಲಿ ಕ್ಯಾಸೆಟ್ ಸಿಗದ ಒಂದು ದಿನ ಮಹಾಬಲ ತನ್ನ ಹಾಡಿನ ಕ್ಯಾಸೆಟ್ಟನ್ನೇ ಹಿಡಿದ. ಹಾಡು ಅಳಿಸದಿರಲೆಂದು ಅದರ ಬೆನ್ನಿಗೆ ಬಿಟ್ಟಿದ್ದ ತೂತುಗಳಿಗೆ ಕಾಗದ ತುರುಕಿ, ಒಂದು ಮಗ್ಗುಲಿಗೆ ಮಾತು ತುಂಬಿ ಕಳಿಸಿದ. ಮದುವೆಯಾಗಿ ಎರಡೇ ತಿಂಗಳಾಗಿದ್ದ ವಿನೋದಾ ಅದನ್ನು ಕೇಳಿ, ಮಗುಚಿ ಹಾಕಿ, ಹಿಂದಕ್ಕೆ ಸುತ್ತದೆ ನಿಂತಲ್ಲೇ ರೆಕಾರ್ಡಿನ ಕೆಂಪು ಗುಂಡಿ ಒತ್ತಿದ್ದಳು. ಅದು ಹಾಡಿನ ನಟ್ಟನಡು. ನಾಲ್ಕು ಮಾತಾಡಿ, ನಾಚಿ ನಿಲ್ಲಿಸಿ, ಹಾಗೇ ತಿರುಗಿ ಕಳಿಸಿದ್ದಳು. ಮಹಾಬಲ ಹಾಡು ಕಲಿತದ್ದು ಅದೇ ಕ್ಯಾಸೆಟ್ಟಿನಿಂದ. ಅವನ ಮಟ್ಟಿಗೆ ಆ ಕರುವೂ ಹಾಡಿನದೇ ಒಂದು ಸಾಲು.

ಈಗ ಹಾಡು ನಡುವಲ್ಲೇ ನಿಂತಿತ್ತು. ಹನ್ನೊಂದು ಡಬ್ಬಿಗಳೂ ಕಸದ ಡ್ರಮ್ಮಿನ ಬಾಯಿಯಲ್ಲಿ ನಿಂತಂತೆ ಅವನಿಗೆ ಕಂಡಿತು.

ಹಿಂದಿನ ಮೇಜಿನಿಂದ ವಿನೋದಾಳ ದನಿ ಬಂತು, ಗಟ್ಟಿಯಾಗಿ. "ಉಣ್ತಾರೆ, ಉಣ್ತಾರೆ. ಎರಡೆರಡು ಸಲ ಉಣ್ತಾರೆ. ಮುಂದಿನದ್ದು ಹೇಳಿ ಮಾರಾಯ್ರೆ."

ಮಹಾಬಲ ಮುಂದಿನ ಚರಣ ಎತ್ತಿದ ರಭಸಕ್ಕೆ ಸೌದಿಗೆ ಹೋಗುವ ಕಡಲ ಸೇತುವೆಯ ಮೇಲಿನ ಕಾರುಗಳು ಎರಡು ಗೇಣು ಪಕ್ಕಕ್ಕೆ ಸರಿದವಂತೆ. ಜೋಸ್ವಿನ್ ಎದ್ದು ನಿಂತು ಬಾರಿಸಿದ. ಕನ್ನಡದ ಗಂಧವಿಲ್ಲದವರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು. "ಅಂಕಲ್, ಆ ದನದ ಭಾಗ ಇನ್ನೊಮ್ಮೆ," ಎಂದು ಜೋಸ್ವಿನ್ ಗೋಗರೆದ. ಮೂರು ಸಲ ಹಾಡಿಸಿದರು. ಮೂರು ಸಲವೂ ದನ ಕರು ಹಾಕಿತು, ಮೂರು ಸಲವೂ ವಿನೋದಾ ಉತ್ತರ ಕೊಟ್ಟಳು. ಕೊನೆಯ ಸಲ ಎದ್ದು ನಿಂತು, ಸೆರಗು ಸರಿ ಮಾಡಿಕೊಂಡು.

ಮನೆ ಬದಲಾಯಿಸಿದ ದಿನ ಡ್ರಮ್ಮಿಗೆ ಹೋದದ್ದು ವಿನೋದಾಳ ಹಳೆಯ ಸೋಫಾ. ಹನ್ನೊಂದು ಡಬ್ಬಿಗಳು ವ್ಯಾನಿನ ಮುಂದಿನ ಸೀಟಿನಲ್ಲಿ ಬೆಲ್ಟು ಬಿಗಿದುಕೊಂಡು ರಾಜಗಾಂಭೀರ್ಯದಲ್ಲಿ ಕೂತವು. ಆ ಒಂದು ಕ್ಯಾಸೆಟ್ ಮಾತ್ರ ವಿನೋದಾಳ ಕೈಚೀಲದಲ್ಲಿತ್ತು. ಜಾಗ ಸಾಲದೆ ಮಹಾಬಲ ಹಿಂದೆ, ಫ್ರಿಜ್ಜನ್ನು ಅಪ್ಪಿಕೊಂಡು, ಹಾಡುತ್ತ ಈಸಾ ಟೌನಿಗೆ ಹೋದ.